ಬಿಸಿ ಹಾಲಿನ ಬೆಕ್ಕು, ಜೀನಿಗೆ ಹೆದರಿದ ಕುದುರೆ

ಲಾಯದ ಬಾಗಿಲಲ್ಲಿ ಕುದುರೆ ಆರಾಮವಾಗಿ ನಿಂತಿದೆ. ಹಿಂಗಾಲೊಂದು ಸಡಿಲವಾಗಿದೆ, ಕೆಳತುಟಿ ಇಳಿಬಿದ್ದಿದೆ, ಕಣ್ಣು ಅರ್ಧ ಮುಚ್ಚಿದೆ. ಪಕ್ಕದ ಕೋಣೆಯಲ್ಲಿ ಯಾರೋ ಗೂಟದ ಮೇಲಿನ ಜೀನನ್ನು ಎತ್ತಿಕೊಳ್ಳುತ್ತಾರೆ. ಸವಾರ ಕಾಲಿಡುವ ರಿಕಾಪಿನ ಕಬ್ಬಿಣ ಒಂದಕ್ಕೊಂದು ತಾಗಿ ಕಿಣಿ ಎನ್ನುತ್ತದೆ. ಅಷ್ಟೇ ಸಾಕು. ಸಡಿಲವಿದ್ದ ಕಾಲು ನೆಲಕ್ಕೂರುತ್ತದೆ, ಕತ್ತು ಮೇಲೇಳುತ್ತದೆ, ಎರಡೂ ಕಿವಿ ಸದ್ದು ಬಂದ ಕಡೆಗೆ ತಿರುಗುತ್ತವೆ. ಜೀನು ಹೊತ್ತವನು ಇನ್ನೂ ಹತ್ತು ಹೆಜ್ಜೆ ದೂರದಲ್ಲಿರುವಾಗಲೇ ಪಕ್ಕೆಯ ಚರ್ಮ ನೊಣ ಕೂತಂತೆ ಅದುರತೊಡಗುತ್ತದೆ. ಇನ್ನೈದು ಹೆಜ್ಜೆ ಬಂದರೆ ಕುದುರೆ ಹಗ್ಗ ಜಗ್ಗಿಕೊಂಡು ಹಿಂದೆ ಸರಿಯುತ್ತದೆ.

ಇಂಥ ಕುದುರೆಯ ಪೂರ್ವಕತೆ ಕೆದಕಿದರೆ ಎಷ್ಟೋ ಸಲ ಸಿಗುವುದು ಒಂದೇ ಒಂದು ಕೆಟ್ಟ ದಿನ. ಅಂದು ಹೊಟ್ಟೆಪಟ್ಟಿ ಸಡಿಲವಾಗಿ ಜೀನು ಬೆನ್ನಿನಿಂದ ಹೊಟ್ಟೆಯಡಿಗೆ ಜಾರಿರುತ್ತದೆ. ಕುದುರೆ ಓಡಿದಷ್ಟೂ ರಿಕಾಪು ಕಾಲಿಗೆ ಬಡಿದಿರುತ್ತದೆ, ಬಡಿದಷ್ಟೂ ಅದು ಇನ್ನಷ್ಟು ಓಡಿರುತ್ತದೆ. ಆಮೇಲೆ ಗಾಯ ಮಾಯುತ್ತದೆ, ಹೆದರಿಕೆ ಮಾಯುವುದಿಲ್ಲ. ಹೀಗೆ ಧೈರ್ಯ ಕಳೆದುಕೊಂಡ ಕುದುರೆಯನ್ನು ಮತ್ತೆ ಜೀನಿಗೆ ತರಲು ಆಗುತ್ತದೆಯೆ? ಸವಾರಿ ಕಲಿಸುವ ಕಡೆಗಳಲ್ಲಿ ಮತ್ತೆಮತ್ತೆ ಕೇಳಿಬರುವ ಪ್ರಶ್ನೆ ಇದು.

ಕನ್ನಡದ ಮಕ್ಕಳಿಗೆ ಇದರ ಅರ್ಧ ಉತ್ತರ ಮೊದಲೇ ಗೊತ್ತು. ಇಲಿಗಳ ಕಾಟಕ್ಕೆ ಕೃಷ್ಣದೇವರಾಯ ಮನೆಗೊಂದು ಬೆಕ್ಕು ಕೊಟ್ಟು, ಅದಕ್ಕೆ ಹಾಲು ಹಾಕಲು ಹಸುವನ್ನೂ ಕೊಟ್ಟನಂತೆ. ತೆನಾಲಿ ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲಿನ ಬಟ್ಟಲು ಕಂಡರೆ ಸಾಕು, ಓಟ ಕೀಳುತ್ತಿತ್ತು. ಕತೆ ಹೇಳಿದವರು ಯಾರೋ ಪ್ರಾಣಿಗಳನ್ನು ಚೆನ್ನಾಗಿ ನೋಡಿದವರೇ ಇರಬೇಕು. ನೋವು ಜೋರಾಗಿದ್ದರೆ ಪಾಠ ಒಂದೇ ಸಲಕ್ಕೆ ಸಾಕು. ಮಿದುಳಿನ ಆಳದಲ್ಲಿರುವ, ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗಕ್ಕೆ ಎರಡನೇ ಸಾಕ್ಷಿ ಬೇಕಿಲ್ಲ. ಸುಟ್ಟದ್ದು ಬಿಸಿಯೇ ಆದರೂ ಬೆಕ್ಕು ಹೆದರಿದ್ದು ಬಿಳಿಯ ಬಣ್ಣಕ್ಕೆ, ಬಟ್ಟಲಿಗೆ, ವಾಸನೆಗೆ. ಕುದುರೆಯೂ ಹಾಗೆಯೇ. ಬಡಿದದ್ದು ರಿಕಾಪು. ಈಗ ಅದಕ್ಕೆ ಚರ್ಮದ ವಾಸನೆಯೂ ಭಯ, ಕಿಣಿ ಸದ್ದೂ ಭಯ, ಜೀನು ಹೊತ್ತು ಬರುವ ಮನುಷ್ಯನೂ ಭಯ.

ಕತೆಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಆ ಬೆಕ್ಕು ಮತ್ತೆ ಹಾಲು ಕುಡಿಯುವಂತೆ ಮಾಡುವುದು ಹೇಗೆ? ಕತ್ತು ಹಿಡಿದು ಮೂತಿಯನ್ನು ಬಟ್ಟಲಿಗೆ ಅದುಮಿದರೆ ಕುಡಿದೀತೆ? ಬೆಕ್ಕಿಗೆ ಹಾಗೆ ಮಾಡಲು ಯಾರ ಮನಸ್ಸೂ ಒಪ್ಪುವುದಿಲ್ಲ. ಕುದುರೆಗೆ ಮಾತ್ರ ಶತಮಾನಗಳಿಂದ ಮಾಡುತ್ತ ಬಂದಿರುವುದು ಅದನ್ನೇ.

ಕುದುರೆ ಓಡಿ ಬದುಕುವ ಪ್ರಾಣಿ. ಅದರ ಕಣ್ಣುಗಳು ಸುತ್ತಲಿನ ಸುಮಾರು 350 ಡಿಗ್ರಿಯನ್ನು ನೋಡುತ್ತವೆ. ಕಾಣದೆ ಉಳಿಯುವುದು ಹಣೆಯ ಮುಂದಿನ ಒಂದಿಷ್ಟು ಜಾಗ ಮತ್ತು ಬಾಲದ ನೇರ ಹಿಂದಿನ ಜಾಗ. ಬೇಟೆಯ ಮೃಗ ಎರಗುವುದು ಬೆನ್ನಿಗೆ; ಮನುಷ್ಯ ಅದೇ ಬೆನ್ನಿನ ಮೇಲೆ ಭಾರದ ವಸ್ತುವೊಂದನ್ನು ಇಟ್ಟು, ಎದೆಯ ಸುತ್ತ ಪಟ್ಟಿ ಬಿಗಿಯುತ್ತಾನೆ. ಕುದುರೆಗೆ ಕೊರಳೆಲುಬು ಇಲ್ಲ. ಅದರ ಎದೆಗೂಡು ಮುಂಗಾಲುಗಳ ನಡುವೆ ಸ್ನಾಯುಗಳ ತೊಟ್ಟಿಲಲ್ಲಿ ತೂಗುತ್ತಿರುತ್ತದೆ. ಹೊಟ್ಟೆಪಟ್ಟಿ ಹಾಯುವುದು ಅದರ ಹತ್ತಿರದಲ್ಲೇ. ಅದನ್ನು ಒಮ್ಮೆಲೇ ಬಿಗಿದರೆ ಕುದುರೆ ಎದೆ ಸೆಟೆಸಿಕೊಳ್ಳುತ್ತದೆ. ‘ಇದು ಕಳ್ಳ ಕುದುರೆ, ಬೇಕೆಂದೇ ಹೊಟ್ಟೆ ಉಬ್ಬಿಸುತ್ತದೆ’ ಎಂದು ಬೈಯುವುದುಂಟು. ಅದರಲ್ಲಿ ಕಳ್ಳತನವೇನೂ ಇಲ್ಲ. ಪೆಟ್ಟು ಬೀಳುವ ಮೊದಲು ಮನುಷ್ಯನ ಹೊಟ್ಟೆ ಬಿಗಿಯಾಗುವುದಿಲ್ಲವೆ, ಹಾಗೆ.

ಹಾಗಾಗಿ ಅಭ್ಯಾಸ ಶುರುಮಾಡುವ ಮೊದಲು ಒಂದು ಕೆಲಸ ಆಗಲೇಬೇಕು: ಈಗಲೂ ನೋಯುತ್ತಿದೆಯೆ ಎಂದು ನೋಡುವುದು. ಜೀನು ಬೆನ್ನಿಗೆ ಕೂಡದೆ ಒತ್ತುತ್ತಿರಬಹುದು, ಬೆನ್ನುಮೂಳೆಯ ಎಲುಬುಗಳು ಒಂದಕ್ಕೊಂದು ತಾಗುತ್ತಿರಬಹುದು, ಹೊಟ್ಟೆಯಲ್ಲಿ ಹುಣ್ಣಿರಬಹುದು. ಇಂಗ್ಲೆಂಡಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು 2018ರಲ್ಲಿ, ಸವಾರಿಯ ಹೊತ್ತಿನಲ್ಲಿ ನೋವು ಪತ್ತೆ ಮಾಡಲು 24 ವರ್ತನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಕಿವಿ ಹಿಂದಕ್ಕೆ ಮಡಚಿಕೊಂಡೇ ಇರುವುದು, ಬಾಲ ಬೀಸುತ್ತಿರುವುದು, ಬಾಯಿ ತೆರೆದಿರುವುದು, ಇಂಥವು. 8 ಅಥವಾ ಹೆಚ್ಚು ಕಂಡರೆ ಕುದುರೆಗೆ ಎಲ್ಲೋ ನೋಯುತ್ತಿರುವ ಸಾಧ್ಯತೆ ಬಲವಾಗಿರುತ್ತದೆ. ಹಾಲು ಇನ್ನೂ ಬಿಸಿಯಾಗಿಯೇ ಇದ್ದರೆ ಬೆಕ್ಕಿನ ಮನವೊಲಿಸುವುದು ಮೋಸವಾಗುತ್ತದೆ.

ಕುದುರೆ ಪಳಗಿಸುವವರ ಇತಿಹಾಸದಲ್ಲಿ ಎಲ್ಲರಿಗಿಂತ ಕುತೂಹಲ ಹುಟ್ಟಿಸುವವನು ಅಮೆರಿಕದ ಓಹಾಯೊ ರಾಜ್ಯದ ಗ್ರೋವ್‌ಪೋರ್ಟ್ ಎಂಬ ಊರಿನ ಜಾನ್ ಸೊಲೊಮನ್ ರೇರಿ. ಅವನು ಇಂಗ್ಲೆಂಡಿಗೆ ಬಂದು, 1858ರಲ್ಲಿ ರಾಣಿ ವಿಕ್ಟೋರಿಯಾಳ ಮುಂದೆ ವಿಂಡ್ಸರ್‌ನಲ್ಲಿ ತನ್ನ ವಿದ್ಯೆ ತೋರಿಸಿದ. ಲಂಡನ್ ಮಾತ್ರ ಒಂದು ಸವಾಲು ಒಡ್ಡಿತು. ಲಾರ್ಡ್ ಡಾರ್ಚೆಸ್ಟರ್ ಒಡೆತನದ ಕ್ರೂಸರ್ ಎಂಬ ಬೀಜದ ಕುದುರೆ ಎಷ್ಟು ಕೆರಳಿತ್ತೆಂದರೆ ಅದರ ಬಾಯಿಗೆ ಕಬ್ಬಿಣದ ಕುಕ್ಕೆ ತೊಡಿಸಿ ಇಟ್ಟಿದ್ದರು. ರೇರಿ ಅದನ್ನು ಪಳಗಿಸಿ ಸವಾರಿ ಮಾಡಿದ, ಕೊನೆಗೆ ತನ್ನ ಜೊತೆಗೇ ಅಮೆರಿಕಕ್ಕೆ ಕರೆದೊಯ್ದ. ಅವನ ಗುಟ್ಟು ಕಲಿಯಲು ಶ್ರೀಮಂತರು ತಲೆಗೆ ಹತ್ತು ಗಿನಿ ಕೊಟ್ಟು, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಪಾಠಕ್ಕೆ ಕೂತರು.

ಆ ಪಾಠದಲ್ಲಿ ಎರಡು ಬೇರೆಬೇರೆ ವಿದ್ಯೆಗಳು ಕಲಸಿಹೋಗಿದ್ದವು. ಒಂದು, ಕುದುರೆಯ ಮುಂಗಾಲನ್ನು ಮಡಚಿ ಪಟ್ಟಿಯಿಂದ ಕಟ್ಟಿಬಿಡುವುದು. ಮೂರು ಕಾಲಲ್ಲಿ ಹೆಣಗಾಡಿ ಸೋತ ಕುದುರೆ ಮೊಣಕಾಲೂರಿ ಮಲಗುತ್ತದೆ. ಆಗ ಅದರ ಮೈಯೆಲ್ಲ ಸವರಿ, ‘ನಿನಗೆ ಏನೂ ಆಗದು’ ಎಂದು ತಿಳಿಸುವುದು. ನೋಡಿದವರಿಗೆ ಪವಾಡದಂತೆ ಕಂಡದ್ದು ಇದು. ಇನ್ನೊಂದು ವಿದ್ಯೆ, ಅವನ ಪುಟ್ಟ ಪುಸ್ತಕದಲ್ಲಿ ಜೀನು ಹಾಕುವ ಬಗೆಯನ್ನು ಹೇಳಿರುವ ಪುಟಗಳಲ್ಲಿದೆ. ರಿಕಾಪಿನ ಪಟ್ಟಿಗಳನ್ನು ಗಂಟು ಹಾಕಿ ಅಲ್ಲಾಡದಂತೆ ಮಾಡು. ಜೀನನ್ನು ಕಂಕುಳಲ್ಲಿ ಮಡಚಿ ಹಿಡಿದು ಹತ್ತಿರ ಹೋಗು. ಮೊದಲು ಕೈಯಿಂದ ಸವರು, ಆಮೇಲೆ ಜೀನನ್ನು ನಿಧಾನಕ್ಕೆ ಎತ್ತಿ ಕುದುರೆ ನೋಡುವಂತೆ, ಮೂಸುವಂತೆ ಬಿಡು. ಕೂದಲು ಮಲಗಿದ ದಿಕ್ಕಿನಲ್ಲೇ ಕತ್ತಿಗೆ ಉಜ್ಜು. ಪ್ರತಿ ಸಲ ಸ್ವಲ್ಪ ಹಿಂದಕ್ಕೆ, ಇನ್ನೂ ಸ್ವಲ್ಪ ಹಿಂದಕ್ಕೆ, ಕೊನೆಗೆ ಬೆನ್ನ ಮೇಲೆ. ಇಂದಿನ ಯಾವ ತಜ್ಞರೂ ಈ ಸಾಲುಗಳಲ್ಲಿ ಹೆಚ್ಚೇನೂ ತಿದ್ದಲಾರರು. ಜನರಿಗೆ ನೆನಪುಳಿದದ್ದು ಮಾತ್ರ ಕಾಲು ಕಟ್ಟುವ ಪಟ್ಟಿ.

ಆ ಪಟ್ಟಿಯ ತೊಂದರೆ ಏನೆಂಬುದು ನೂರು ವರ್ಷಗಳ ನಂತರ ಸ್ಪಷ್ಟವಾಯಿತು. ಅಮೆರಿಕದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ನಡೆಸಿದ, ಇಂದು ಓದಿದರೂ ಕರುಳು ಹಿಂಡುವ ಪ್ರಯೋಗವದು. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ತಿಂದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ತಪ್ಪಿಸಿಕೊಳ್ಳುವ ದಾರಿ ಇದ್ದಾಗಲೂ ಸುಮ್ಮನೆ ಮಲಗಿ ಆಘಾತ ಸಹಿಸಿದವು. ಹೋರಾಡಿ ಪ್ರಯೋಜನವಿಲ್ಲ ಎಂದು ಕಲಿತ ಪ್ರಾಣಿಯೂ ಅಲುಗಾಡದೆ ಇರುತ್ತದೆ. ಹೊರಗಿನಿಂದ ಅದು ಪಳಗಿದಂತೆಯೇ ಕಾಣುತ್ತದೆ. ಕೈಸೋತು ನಿಂತದ್ದನ್ನು ಧೈರ್ಯದಿಂದ ನಿಂತದ್ದು ಎಂದು ತಿಳಿಯುವುದು ಈ ಕಸುಬಿನ ದೊಡ್ಡ ತಪ್ಪು.

ಸರಿಯಾದ ದಾರಿಯ ಸ್ಪಷ್ಟ ವೈಜ್ಞಾನಿಕ ದಾಖಲೆಯೊಂದು ಸಿಗುವುದು ಲಾಯದಲ್ಲಲ್ಲ, ಒಬ್ಬ ಪುಟ್ಟ ಹುಡುಗನ ಊಟದ ಮೇಜಿನಲ್ಲಿ. ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ 1924ರಲ್ಲಿ, ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ಬಗ್ಗೆ ಬರೆದರು. ಅವನು ತಿನ್ನುತ್ತ ಕೂತಾಗ ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿಡುವುದು, ಅವನು ನೆಮ್ಮದಿಯಾಗಿರುವಷ್ಟು ದೂರದಲ್ಲಿ. ದಿನ ಕಳೆದಂತೆ ಹತ್ತಿರ, ಇನ್ನೂ ಹತ್ತಿರ. ಕೊನೆಗೆ ಪೀಟರ್ ಮೊಲವನ್ನು ಮುಟ್ಟಿ ಆಡಿದ. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪ್ 1958ರಲ್ಲಿ ಈ ಬಗೆಯ ಹಂತಹಂತದ ಕ್ರಮವನ್ನೇ ಮನುಷ್ಯರ ಭಯಕ್ಕೆ ಚಿಕಿತ್ಸೆಯಾಗಿ ರೂಪಿಸಿದ.

ಕುದುರೆಗಳಲ್ಲಿ ಇದನ್ನು ಅಚ್ಚುಕಟ್ಟಾಗಿ ಪರೀಕ್ಷಿಸಿದ್ದು ಡೆನ್ಮಾರ್ಕಿನ ಯಾನೆ ವಿಂಥರ್ ಕ್ರಿಸ್ಟೆನ್ಸೆನ್ ಮತ್ತು ಸಂಗಡಿಗರು, 2006ರಲ್ಲಿ. ಎರಡು ವರ್ಷದ 27 ಗಂಡು ಕುದುರೆಗಳು. ಹೆದರಿಸುವ ವಸ್ತು ಅಲ್ಲಾಡುವ ಬಿಳಿ ನೈಲಾನ್ ಚೀಲ. ಒಂದು ಗುಂಪಿಗೆ ಚೀಲವನ್ನು ಪೂರ್ತಿಯಾಗಿಯೇ ಮತ್ತೆಮತ್ತೆ ತೋರಿಸಿದರು. ಇನ್ನೊಂದಕ್ಕೆ ಚೀಲದ ಜೊತೆ ತಿಂಡಿ ಕೊಟ್ಟರು. ಮೂರನೆಯದಕ್ಕೆ ಹಂತಹಂತವಾಗಿ ಪರಿಚಯಿಸಿದರು. ಹಂತದ ಗುಂಪು ಎಲ್ಲಕ್ಕಿಂತ ಕಡಿಮೆ ಬೆದರಿತು, ಕಡಿಮೆ ಪಾಠಗಳಲ್ಲಿ ಕಲಿಯಿತು, ಅದರ ಎಲ್ಲ ಕುದುರೆಗಳೂ ಪಾಸಾದವು. ಉಳಿದೆರಡು ಗುಂಪುಗಳಲ್ಲಿ ಕೆಲವು ಕುದುರೆಗಳಿಗೆ ಕಡೆತನಕ ಆಗಲೇ ಇಲ್ಲ. ಒಂದು ತುಂಡು ಬೆಲ್ಲ, ಒಂದು ಕ್ಯಾರೆಟ್ ತೋರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೆ ಇಲ್ಲಿ ಏಟು ಬೀಳುತ್ತದೆ. ಬೆಲ್ಲ ಸಹಾಯಕ್ಕೆ ಬರಬಹುದು, ಮೆಟ್ಟಿಲುಗಳ ಬದಲಿಗೆ ಅಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಮತ್ತೊಂದಿದೆ. ಮೈಯ ಬೆದರಿಕೆ ನಿಂತ ಮೇಲೂ ಹೃದಯ ಬಡಿತದ ಏರುಪೇರು ಮುಂದುವರಿದಿತ್ತು. ಅಂದರೆ ಕಾಲು ಸುಮ್ಮನಾದರೂ ಎದೆ ಇನ್ನೂ ಸುಮ್ಮನಾಗಿರಲಿಲ್ಲ. ಶಾಂತವಾಗಿ ನಿಂತ ಕುದುರೆಯ ಹೃದಯ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ದವಡೆಯ ಕೆಳಗಿನ ನಾಡಿಯ ಮೇಲೆ ಬೆರಳಿಟ್ಟು ಇದನ್ನು ಯಾರೂ ಎಣಿಸಬಹುದು.

ಲಾಯದಲ್ಲಿ ಇದು ನಡೆಯುವುದು ಹೀಗೆ. ಜೀನನ್ನು ಮೊದಲ ದಿನ ಕುದುರೆಯ ಬಳಿ ಒಯ್ಯುವುದೇ ಇಲ್ಲ. ಅದು ಮೇಯುವ ಜಾಗದಿಂದ ಕಾಣುವಂತೆ ಬೇಲಿಯ ಮೇಲೆ ಇಟ್ಟುಬಿಡುತ್ತಾರೆ. ಕುದುರೆ ತಲೆ ಎತ್ತಿ ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತೆಂದರೆ ಅಂದಿನ ಪಾಠ ಮುಗಿಯಿತು. ಮುಂದೆ ಕೈಯಲ್ಲಿ ಹಿಡಿದು ಎರಡು ಹೆಜ್ಜೆ ಹತ್ತಿರ ಬರುವುದು, ಕುದುರೆ ಬೆದರುವ ಮೊದಲೇ ತಿರುಗಿ ಹೋಗುವುದು. ಈ ‘ಮೊದಲೇ’ ಎಂಬುದರಲ್ಲೇ ಇಡೀ ವಿದ್ಯೆ ಇದೆ. ಕುದುರೆ ಹಾರಿದಾಗ ಜೀನು ದೂರ ಹೋದರೆ, ಹಾರಿದರೆ ಜೀನು ಹೋಗುತ್ತದೆ ಎಂದು ಅದು ಕಲಿಯುತ್ತದೆ. ಸುಮ್ಮನೆ ನಿಂತಾಗ ದೂರ ಹೋದರೆ, ನಿಂತರೆ ಹೋಗುತ್ತದೆ ಎಂದು ಕಲಿಯುತ್ತದೆ. ಆಮೇಲೆ ಬರಿಯ ಕೈ, ಮಡಚಿದ ಗೋಣಿಚೀಲ, ಕಂಬಳಿ, ರಿಕಾಪಿಲ್ಲದ ಹಗುರ ಜೀನು, ಸಡಿಲ ಪಟ್ಟಿ. ಪಟ್ಟಿಯನ್ನು ಒಂದು ತೂತು ಬಿಗಿದು ನಾಲ್ಕು ಹೆಜ್ಜೆ ನಡೆಸುವುದು, ಮತ್ತೊಂದು ತೂತು, ಮತ್ತೆ ನಡಿಗೆ. ಎಡಗಣ್ಣು ಕಂಡದ್ದು ಬಲಗಣ್ಣಿಗೆ ತಿಳಿಯುವುದಿಲ್ಲ ಎಂಬ ಮಾತು ಸವಾರರಲ್ಲಿದೆ. ಎವೆಲಿನ್ ಹ್ಯಾಂಗಿ ಎಂಬ ಸಂಶೋಧಕಿ 1999ರಲ್ಲೇ ಪ್ರಯೋಗದಿಂದ ಅದನ್ನು ಸುಳ್ಳೆಂದು ತೋರಿಸಿದರು. ಆದರೂ ಎರಡೂ ಪಕ್ಕದಿಂದ ಅಭ್ಯಾಸ ಮಾಡಿಸುವುದು ಒಳ್ಳೆಯದೇ. ಜೀನು ಬಲಗಡೆಯಿಂದ ಬಂದಾಗ ಮೈಗೆ ತಾಗುವ ಬಗೆಯೇ ಬೇರೆ.

ಇದಕ್ಕೆ ಪ್ರಕೃತಿಯೇ ಕೊಟ್ಟ ಒಂದು ಅನುಕೂಲವೂ ಇದೆ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಉಬ್ಬು ಇದೆಯಲ್ಲ, ಕುದುರೆಗಳು ಜೋಡಿಯಾಗಿ ನಿಂತು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವುದು ಹೆಚ್ಚಾಗಿ ಅಲ್ಲೇ. ಫ್ರಾನ್ಸಿನ ಕಮಾರ್ಗ್ ತಳಿಯ ಕುದುರೆಗಳಲ್ಲಿ ಕ್ಲೋಡಿಯಾ ಫೆ ಮತ್ತು ಸಹೋದ್ಯೋಗಿ ಆ ಜಾಗವನ್ನು ಕೈಯಿಂದ ಕೆರೆದು ನೋಡಿದಾಗ ಹೃದಯ ಬಡಿತ ಇಳಿಯಿತು ಎಂದು 1993ರಲ್ಲಿ ವರದಿ ಮಾಡಿದರು. ಬೇರೆ ಕಡೆ ಕೆರೆದರೆ ಹಾಗಾಗಲಿಲ್ಲ. ಜೀನು ಕೂರುವುದು ಆ ಜಾಗದ ಬೆನ್ನಿಗೇ. ಜೀನು ಇಡುವ ಮೊದಲೂ ಇಟ್ಟ ಮೇಲೂ ಬೆರಳು ಅಲ್ಲಾಡುತ್ತಿರಲಿ.

ಕೆಲವೊಮ್ಮೆ ಅಡ್ಡಿ ಇರುವುದು ಕುದುರೆಯಲ್ಲಲ್ಲ, ಹಗ್ಗದ ಇನ್ನೊಂದು ತುದಿಯಲ್ಲಿ. ಸ್ವೀಡನ್ನಿನ ಲಿಂಡಾ ಕೀಲಿಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಕುದುರೆ ನಡೆಸಿಕೊಂಡು, ಇಲ್ಲವೇ ಸವಾರಿ ಮಾಡುತ್ತ ಒಂದೇ ದಾರಿಯಲ್ಲಿ ಕೆಲವು ಸಲ ಹೋಗಿಬರಬೇಕಿತ್ತು. ಕೊನೆಯ ಸಲ ‘ಈಗ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ’ ಎಂದು ಹೇಳಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯನ ಎದೆಬಡಿತ ಏರಿತು, ಅದರ ಜೊತೆಗೆ ಕುದುರೆಯದೂ. ‘ಎಲ್ಲಿ ಒದೆಯುತ್ತದೋ’ ಎಂದು ಉಸಿರು ಹಿಡಿದು ಜೀನು ಎತ್ತುವವನು ಆ ಭಯವನ್ನು ಕುದುರೆಗೂ ದಾಟಿಸುತ್ತಾನೆ. ಇಂಥ ಕುದುರೆಯನ್ನು ಹೊಸಬರ ಕೈಗೆ ಕೊಡಬಾರದು.

ಇನ್ನು ಒಂದು ಎಚ್ಚರಿಕೆ. ಭಯ ಹೋಯಿತು ಎಂದರೆ ಹಳೆಯ ನೆನಪು ಅಳಿಯಿತು ಎಂದಲ್ಲ. ಅದರ ಮೇಲೆ ಹೊಸ ನೆನಪು ಕೂತಿರುತ್ತದೆ, ಅಷ್ಟೇ. ಅಮೆರಿಕದ ಮಾರ್ಕ್ ಬೌಟನ್ ದಶಕಗಳ ಕಾಲ ಪ್ರಯೋಗಾಲಯದ ಪ್ರಾಣಿಗಳಲ್ಲಿ ತೋರಿಸಿದ ವಿಷಯ ಇದು: ಭಯ ಕಳೆದ ಜಾಗ ಒಂದಾಗಿ, ಪರೀಕ್ಷೆಯ ಜಾಗ ಬೇರೆಯಾದರೆ ಹಳೆಯ ಭಯ ಎದ್ದು ಬರುತ್ತದೆ. ಲಾಯದೊಳಗೆ ಕುರಿಮರಿಯಂತೆ ನಿಂತು ಜೀನು ಹಾಕಿಸಿಕೊಂಡ ಕುದುರೆ ಬಯಲಲ್ಲಿ ನೆಗೆದರೆ ಅದು ಹಟವಲ್ಲ. ಪಾಠವನ್ನು ಅಂಗಳದಲ್ಲಿ, ಮೈದಾನದಲ್ಲಿ, ಬೇರೆ ಕುದುರೆಗಳ ನಡುವೆ, ಗಾಳಿ ಬೀಸುವ ದಿನವೂ ಮತ್ತೆ ಹೇಳಿಕೊಡಬೇಕು. ಅರ್ಧ ಗಂಟೆಯಲ್ಲಿ ಪಳಗಿಸಿ ತೋರಿಸುವ ವಿಡಿಯೊಗಳಲ್ಲಿ ಈ ಭಾಗ ಇರುವುದಿಲ್ಲ. ಮರುದಿನದ ಕುದುರೆಯನ್ನು ಅವರು ತೋರಿಸುವುದಿಲ್ಲ.

ಮೈಸೂರಿನವರಿಗೆ ಇಂಥ ಪಾಠದ ಒಂದು ರೂಪ ಪ್ರತಿವರ್ಷ ಕಣ್ಣಿಗೆ ಬೀಳುತ್ತದೆ. ಜಂಬೂಸವಾರಿಯ ದಿನ 21 ಕುಶಾಲತೋಪು ಸಿಡಿಯುತ್ತವೆ. ಅದಕ್ಕೆ ಮುಂಚೆ ದಸರಾ ಆನೆಗಳನ್ನೂ ಅಶ್ವದಳದ ಕುದುರೆಗಳನ್ನೂ ಮೈದಾನಕ್ಕೆ ಕರೆತಂದು ಫಿರಂಗಿಯ ಸದ್ದಿಗೆ ಒಗ್ಗಿಸುವ ತಾಲೀಮು ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತದೆ. ಪಳಗಿದ ಪ್ರಾಣಿಗಳ ಪಕ್ಕದಲ್ಲಿ ಹೊಸವು ನಿಂತು ಕಲಿಯುತ್ತವೆ. ಫಿರಂಗಿಗೆ ಕೊಡುವ ಈ ಸಮಯವನ್ನು ಜೀನಿಗೂ ಕೊಡಬಹುದು.

ನಿಮ್ಮ ಪರಿಚಯದಲ್ಲಿ ಇಂಥ ಕುದುರೆ ಇದ್ದರೆ ಮೊದಲು ಪಶುವೈದ್ಯರನ್ನು ಕರೆಸಿ ಬೆನ್ನು ಮುಟ್ಟಿ ನೋಡಿಸಿ, ಜೀನು ಅದರ ಬೆನ್ನಿಗೆ ಕೂಡುತ್ತದೆಯೆ ಪರೀಕ್ಷಿಸಿ. ಎರಡೂ ಸರಿಯಿದ್ದರೆ ನಾಳೆ ಬೆಳಗ್ಗೆ ಜೀನನ್ನು ಬೇಲಿಯ ಮೇಲಿಟ್ಟು, ಅದು ಮೇಯುವುದನ್ನು ನೋಡುತ್ತ ಕೂತುಕೊಳ್ಳಿ.