ದೇಹದ ಹೊರಗೆ ಉಸಿರಾಡುವ ಶ್ವಾಸಕೋಶ

ಶ್ವಾಸಕೋಶ ಪೂರ್ತಿ ಹಾಳಾದ ಕೆಲವರಿಗೆ ಕಸಿಯೊಂದೇ ಉಳಿದ ದಾರಿ. ನಮ್ಮ ಯುನಾನಿಯಲ್ಲೂ ಅದಕ್ಕೆ ಬದಲಿ ಮದ್ದಿಲ್ಲ.

ಮೆದುಳು ಸಾವಿಗೀಡಾದವರ ಶ್ವಾಸಕೋಶವನ್ನು ಮನೆಯವರ ಒಪ್ಪಿಗೆ ಪಡೆದು ತೆಗೆಯುತ್ತಾರೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅದು ಸಾಮಾನ್ಯವಾಗಿ 6ರಿಂದ 8 ಗಂಟೆ ಕೆಡದೆ ಇರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ರಾತ್ರಿ ಬಸ್ಸು ಹತ್ತಿದವರು ಬೆಂಗಳೂರು ಮುಟ್ಟುವುದರೊಳಗೆ ಆ ಹೊತ್ತು ಮುಗಿದಿರುತ್ತದೆ! ಇನ್ನೊಂದು ತೊಂದರೆಯೂ ಉಂಟು. ತಣ್ಣಗಿಟ್ಟ ಅಂಗ ಕೆಲಸ ಮಾಡುವುದಿಲ್ಲ. ಹಾಗಾಗಿ ಅದು ಚೆನ್ನಾಗಿದೆಯೇ ಎಂದು ಪರೀಕ್ಷಿಸಲಾಗದು. ಅನುಮಾನ ಬಂದರೆ ಬಿಟ್ಟುಬಿಡುತ್ತಿದ್ದರು.

2000ರಲ್ಲಿ ಸ್ವೀಡನ್ನಿನ ಲುಂಡ್ ನಗರದ ಡಾ. ಸ್ಟಿಗ್ ಸ್ಟೀನ್, ದೇಹದ ಹೊರಗೆ ಪರೀಕ್ಷಿಸಿದ ಶ್ವಾಸಕೋಶವನ್ನು ರೋಗಿಗೆ ಕಸಿ ಮಾಡಿದರು. ಕೆನಡಾದ ಟೊರಾಂಟೊ ವೈದ್ಯರು ಈ ವಿಧಾನವನ್ನು ಮುಂದುವರಿಸಿದರು. ಶ್ವಾಸಕೋಶವನ್ನು ಪಾರದರ್ಶಕ ಗುಮ್ಮಟದೊಳಗೆ 37 ಡಿಗ್ರಿಗೆ ಬೆಚ್ಚಗಾಗಿಸಿ, ವೆಂಟಿಲೇಟರಿನಿಂದ ಗಾಳಿಯನ್ನೂ ಪಂಪಿನಿಂದ ಪೋಷಕ ದ್ರವವನ್ನೂ ಹರಿಸುತ್ತಾರೆ. 4ರಿಂದ 6 ಗಂಟೆ ಅದು ಉಸಿರಾಡುತ್ತದೆ. ದ್ರವಕ್ಕೆ ಆಮ್ಲಜನಕ ಎಷ್ಟು ಸೇರಿತು, ಸಲೀಸಾಗಿ ಹಿಗ್ಗುತ್ತಿದೆಯೇ, ಒಳಗೆ ನೀರು ತುಂಬಿದೆಯೇ ಎಂದು ನೋಡುತ್ತಾರೆ. ತುಂಬಿದ ನೀರು ಇಳಿದು ಕಸಿಗೆ ಯೋಗ್ಯವಾಗುವುದೂ ಉಂಟು.

ಯಂತ್ರವಿದ್ದರೂ ದಾನಿ ಬೇಕಲ್ಲ? 1988ರಲ್ಲಿ ಜಿದ್ದಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಷರತ್ತುಗಳೊಂದಿಗೆ ಅಂಗದಾನಕ್ಕೆ ಅನುಮತಿ ನೀಡಿದೆ. ನಮ್ಮ ದೇಶದ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆಸ್ಪತ್ರೆಯಲ್ಲಿ, ದುಃಖದ ನಡುವೆ, ಈ ಪ್ರಶ್ನೆ ಎದುರಾಗುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ನೀವು ನಂಬುವ ಆಲಿಮರನ್ನು ಕೇಳಿ. ಮನಸ್ಸಿದ್ದವರು ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಬಹುದು. ಅಲ್ಲಾಹನು ಎಲ್ಲರಿಗೂ ಆರೋಗ್ಯ ಕರುಣಿಸಲಿ, ಆಮೀನ್.