ಹಾರ ಹಾಕಿದ ಮೇಲೆ ಹೆಸರು ಬರೆದುಕೊಳ್ಳಿ

ಚುನಾವಣೆ ಮುಗಿದು ನಿಮ್ಮ ವಾರ್ಡಿಗೆ ಹೊಸ ಸದಸ್ಯೆಯೊಬ್ಬರು ಆಯ್ಕೆಯಾಗಿದ್ದಾರೆಂದು ಭಾವಿಸಿ. ಒಂದು ಭಾನುವಾರ ಅಸರ್ ನಮಾಝಿನ ಬಳಿಕ ಮೊಹಲ್ಲಾದ ಶಾಲೆಯ ಅಂಗಳದಲ್ಲಿ ಅವರ ಪರಿಚಯ ಸಭೆ ಏರ್ಪಡುತ್ತದೆ. ಜಮಾಅತಿನ ಹಿರಿಯರು ಶಾಲು ಹೊದಿಸುತ್ತಾರೆ. ಯುವಕರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಸದಸ್ಯೆ ಮೈಕ್ ಹಿಡಿದು, ಕುಡಿಯುವ ನೀರು, ಕಸ ವಿಲೇವಾರಿ, ಸೊಳ್ಳೆ ನಿಯಂತ್ರಣ ಈ ಮೂರು ತನ್ನ ಆದ್ಯತೆಗಳೆಂದು ಹೇಳುತ್ತಾರೆ. ಆಮೇಲೆ ತಮ್ಮ ಹಿಂದೆ ಸಾಲಾಗಿ ನಿಂತ ನಾಲ್ಕೈದು ಮಂದಿ ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ಪರಿಚಯಿಸತೊಡಗುತ್ತಾರೆ. ಅಷ್ಟರಲ್ಲಿ ಚಹಾ ಬರುತ್ತದೆ, ಅರ್ಧ ಸಭೆ ಎದ್ದು ಹೋಗುತ್ತದೆ.

ನೀವು ಏಳಬೇಡಿ. ಆ ಸಂಜೆಯ ಮುಖ್ಯ ಭಾಗ ಶುರುವಾಗುವುದೇ ಆಗ. ಮುಂದಿನ ಮಳೆಗಾಲದಲ್ಲಿ ನಿಮ್ಮ ಮಗುವಿಗೆ ಡೆಂಗಿ ಬರದಂತೆ, ಮನೆಯ ಗರ್ಭಿಣಿ ಮಗಳಿಗೆ ಕಾಮಾಲೆ ತಗಲದಂತೆ ನೋಡಿಕೊಳ್ಳಬೇಕಾದವರಲ್ಲಿ ಹೆಚ್ಚಿನವರು ಆ ಸಾಲಿನಲ್ಲಿದ್ದಾರೆ. ಸದಸ್ಯೆಯ ಹೆಸರು ನಿಮಗೆ ಗೊತ್ತೇ ಇದೆ; ಮತಪತ್ರದಲ್ಲೇ ನೋಡಿದ್ದೀರಿ. ಆ ಸಾಲಿನಲ್ಲಿರುವವರ ಹೆಸರು, ಕೆಲಸ ಮತ್ತು ಫೋನ್ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ರೋಗ ಬಂದ ಮೇಲೆ ಔಷಧದಂಗಡಿಗೆ ಓಡುವುದಕ್ಕಿಂತ ಇದು ಎಷ್ಟೋ ಅಗ್ಗದ ಚಿಕಿತ್ಸೆ.

ಸದಸ್ಯೆಯ ಶಕ್ತಿ ಎಲ್ಲಿದೆ?

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರೊಂದಿಗೆ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಒಪ್ಪಿಸಬಹುದಾದ 18 ವಿಷಯಗಳ ಪಟ್ಟಿಯಿದೆ. ನೀರು ಸರಬರಾಜು, ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಘನತ್ಯಾಜ್ಯ, ಕಸಾಯಿಖಾನೆಗಳ ನಿಯಂತ್ರಣ, ದಫನ ಭೂಮಿ ಎಲ್ಲವೂ ಅದರಲ್ಲಿವೆ. ಅಂದರೆ ತೊಟ್ಟಿಲಿನಿಂದ ಖಬರಿನವರೆಗೆ ನಮ್ಮ ಬದುಕನ್ನು ಹತ್ತಿರದಿಂದ ಮುಟ್ಟುವ ಸರಕಾರ ಇದೇ.

ಆದರೆ ಒಂದು ಮಾತು ತಿಳಿದಿರಲಿ. ಆರೋಗ್ಯ ನಿರೀಕ್ಷಕರಾಗಲಿ ಇಂಜಿನಿಯರ್ ಆಗಲಿ ಸದಸ್ಯೆಯ ಸ್ವಂತ ನೌಕರರಲ್ಲ. ಅವರು ಉತ್ತರ ಕೊಡಬೇಕಾದುದು ಪುರಸಭೆಯಲ್ಲಿ ಮುಖ್ಯಾಧಿಕಾರಿಗೆ, ನಗರಸಭೆಯಲ್ಲಿ ಪೌರಾಯುಕ್ತರಿಗೆ, ಮಹಾನಗರ ಪಾಲಿಕೆಯಲ್ಲಿ ಆಯುಕ್ತರಿಗೆ. ಸದಸ್ಯೆಯ ನಿಜವಾದ ಶಕ್ತಿ ಇರುವುದು ಸಾಮಾನ್ಯ ಸಭೆಯಲ್ಲಿ. ಅಲ್ಲಿ ಅವರು ಪ್ರಶ್ನೆ ಕೇಳಬಹುದು, ನಿರ್ಣಯ ಮಂಡಿಸಬಹುದು, ಬಜೆಟಿನಲ್ಲಿ ನಿಮ್ಮ ಬೀದಿಗೆ ಹಣ ಕೇಳಬಹುದು. ಅದಕ್ಕೆ ಅವರ ಕೈಯಲ್ಲಿ ಕಾಗದ ಬೇಕು. ಬೀದಿಯಲ್ಲಿ ನಿಲ್ಲಿಸಿ ಹೇಳಿದ ದೂರು ಬೀದಿಯಲ್ಲೇ ಉಳಿಯುತ್ತದೆ. ಬರೆದು ಕೊಟ್ಟು, ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡ ಅರ್ಜಿ ಸಭೆಯವರೆಗೆ ತಲುಪುತ್ತದೆ.

ಸಾಲಿನಲ್ಲಿ ನಿಂತವರು ಯಾರು?

ಆರೋಗ್ಯ ನಿರೀಕ್ಷಕರು: ಕಸ, ಚರಂಡಿ ಶುಚಿತ್ವ, ಹೋಟೆಲು ಮತ್ತು ಮಾಂಸದಂಗಡಿಗಳ ನೈರ್ಮಲ್ಯ, ಸೊಳ್ಳೆ ನಿಯಂತ್ರಣ ಇವರ ಕೈಯಲ್ಲಿ. ಈ ಪುಟದ ಓದುಗರಿಗೆ ಮೊದಲು ಬೇಕಾದ ಹೆಸರು ಇದು.

ಕಿರಿಯ ಇಂಜಿನಿಯರ್: ಒಡೆದ ಪೈಪು, ಮುರಿದ ಚಪ್ಪಡಿ, ಇಳಿಜಾರಿಲ್ಲದ ಚರಂಡಿ ಇವರಿಗೆ ಸೇರಿದ್ದು. ಕೆಲವು ನಗರಗಳಲ್ಲಿ ನೀರು ಮತ್ತು ಒಳಚರಂಡಿಗೆ ಬೇರೆಯೇ ಮಂಡಳಿ ಇರುತ್ತದೆ. ನಿಮ್ಮಲ್ಲಿ ಯಾರೆಂದು ಸಭೆಯಲ್ಲೇ ಕೇಳಿ.

ವಾಲ್ವ್‌ಮ್ಯಾನ್: ನಿಮ್ಮ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ, ಯಾವ ಪೈಪು ಎಲ್ಲಿ ಹಾದುಹೋಗಿದೆ ಎಂಬುದು ನಕ್ಷೆಗಿಂತ ಚೆನ್ನಾಗಿ ಇವರಿಗೆ ಗೊತ್ತು.

ಪೌರಕಾರ್ಮಿಕರು: ಬೆಳಗಾಗುವ ಮೊದಲೇ ಬೀದಿಗೆ ಇಳಿಯುವವರು. ವೇದಿಕೆಯ ಮೇಲೆ ಇವರನ್ನು ಕರೆಯುವುದನ್ನು ಮರೆತಿದ್ದರೆ ನೀವೇ ನೆನಪಿಸಿ.

ಆಶಾ ಕಾರ್ಯಕರ್ತೆ: ಇವರು ನಗರಾಡಳಿತದವರಲ್ಲ, ಆರೋಗ್ಯ ಇಲಾಖೆಯ ಜೊತೆ ಕೆಲಸ ಮಾಡುವವರು. ಆದರೆ ಬೀದಿಯಲ್ಲಿ ಎಷ್ಟು ಮನೆಗಳಲ್ಲಿ ಜ್ವರವಿದೆ ಎಂಬುದು ಮೊದಲು ತಿಳಿಯುವುದು ಇವರಿಗೆ. ಸದಸ್ಯೆ ಮತ್ತು ಆಶಾ ಪರಸ್ಪರ ಪರಿಚಿತರಾಗಿರುವುದು ವಾರ್ಡಿನ ಆರೋಗ್ಯಕ್ಕೆ ಬಹಳ ಒಳ್ಳೆಯದು.

ಮೂರು ಆದ್ಯತೆ, ಮೂರು ಪ್ರಶ್ನೆ

ಆದ್ಯತೆಗಳನ್ನು ಕೇಳಿ ಚಪ್ಪಾಳೆ ತಟ್ಟುವುದು ಸುಲಭ. ಅದರ ಬದಲು ಒಂದೊಂದಕ್ಕೂ ಒಂದು ಪ್ರಶ್ನೆ ಕೇಳಿ.

ಮೊದಲನೆಯದು ನೀರು. ನಮ್ಮ ಹಳೆಯ ಮೊಹಲ್ಲಾಗಳಲ್ಲಿ ಮನೆಗೆ ಬರುವ ನಲ್ಲಿ ಪೈಪು ಎಷ್ಟೋ ಕಡೆ ಚರಂಡಿಯನ್ನು ದಾಟಿ ಬರುತ್ತದೆ. ನೀರು ಬಿಟ್ಟಾಗ ಪೈಪಿನೊಳಗೆ ಒತ್ತಡವಿರುತ್ತದೆ, ಸೀಳಿದ್ದರೆ ನೀರು ಹೊರಗೆ ಸೋರುತ್ತದೆ. ನೀರು ನಿಂತಾಗ ಒತ್ತಡ ಇಳಿಯುತ್ತದೆ, ಆಗ ಅದೇ ಸೀಳಿನಿಂದ ಚರಂಡಿಯ ಕೊಳಕು ಒಳಗೆ ಸೇರುತ್ತದೆ. ಕಾಮಾಲೆ, ಟೈಫಾಯ್ಡ್, ವಾಂತಿಭೇದಿ ಮನೆಯೊಳಗೆ ಬರುವ ದಾರಿಗಳಲ್ಲಿ ಇದೂ ಒಂದು. ನೀರಿನಿಂದ ಹರಡುವ ಹೆಪಟೈಟಿಸ್ ಇ ಎಂಬ ಕಾಮಾಲೆ ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಪ್ರಾಣಾಪಾಯ ತರಬಲ್ಲದು. ಆದ್ದರಿಂದ ಹೀಗೆ ಕೇಳಿ: ನಮ್ಮ ಬೀದಿಯ ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷೆ ಯಾವಾಗ ಮಾಡುತ್ತೀರಿ? ಭಾರತೀಯ ಮಾನಕದಂತೆ ಕ್ಲೋರಿನ್ ಹಾಕಿದ ಒಂದು ಲೀಟರ್ ನೀರಿನಲ್ಲಿ ಕನಿಷ್ಠ 0.2 ಮಿಲಿಗ್ರಾಮ್ ಕ್ಲೋರಿನ್ ಉಳಿದಿರಬೇಕು. ಟ್ಯಾಂಕಿನ ಬುಡದಲ್ಲಿ ಅಳೆದರೆ ಎಲ್ಲವೂ ಸರಿಯಿರಬಹುದು. ಕೊನೆಯ ಮನೆಯಲ್ಲಿ ಅಳೆದಾಗಲೇ ನಿಜ ತಿಳಿಯುವುದು. ಅಲ್ಲಿಯವರೆಗೆ ಮನೆಯಲ್ಲಿ ಮೊದಲು ಬರುವ ಕಲಕು ನೀರನ್ನು ಕುಡಿಯಲು ಹಿಡಿಯಬೇಡಿ. ಉಳಿದುದನ್ನು ಚೆನ್ನಾಗಿ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಕುಡಿಯಿರಿ.

ಎರಡನೆಯದು ಕಸ. 2016ರ ಘನತ್ಯಾಜ್ಯ ನಿಯಮಗಳೇ ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಎಂದು ಮನೆಯಲ್ಲೇ ಬೇರ್ಪಡಿಸಿ ಕೊಡಲು ಹೇಳಿದ್ದವು. ಸದಸ್ಯೆಯನ್ನು ಕೇಳಿ: ಗಾಡಿ ಎಷ್ಟು ಗಂಟೆಗೆ ಬರುತ್ತದೆ, ನಾವು ಬೇರೆ ಮಾಡಿ ಕೊಟ್ಟ ಕಸವನ್ನು ಗಾಡಿಯಲ್ಲಿ ಮತ್ತೆ ಒಂದೇ ರಾಶಿ ಮಾಡುವುದಿಲ್ಲ ತಾನೆ? ಓಣಿಯೊಳಗೆ ದೊಡ್ಡ ಗಾಡಿ ಬರುವುದಿಲ್ಲವೆಂದರೆ ತಳ್ಳುಗಾಡಿಯ ವ್ಯವಸ್ಥೆಯನ್ನು ಲಿಖಿತವಾಗಿ ಕೇಳಿ.

ಮೂರನೆಯದು ಸೊಳ್ಳೆ. ಹೊಗೆ ಯಂತ್ರ ಬೀದಿಗೆ ಬಂದರೆ ಮಕ್ಕಳು ಅದರ ಹಿಂದೆ ಓಡುತ್ತಾರೆ, ದೊಡ್ಡವರಿಗೆ ಸಮಾಧಾನವಾಗುತ್ತದೆ. ಆದರೆ ಹೊಗೆ ಕೊಲ್ಲುವುದು ಹಾರಾಡುವ ಸೊಳ್ಳೆಯನ್ನು ಮಾತ್ರ, ನೀರಿನಲ್ಲಿರುವ ಮರಿಗೆ ಅದು ತಟ್ಟುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಸಾಮಾನ್ಯವಾಗಿ ಹಗಲು ಕಚ್ಚುತ್ತದೆ, ಮನೆಯ ಸುತ್ತ ನಿಂತ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಮನೆ ಮನೆಯ ಲಾರ್ವಾ ಸಮೀಕ್ಷೆ ಮಳೆಗಾಲಕ್ಕೆ ಮೊದಲು ನಡೆಯುತ್ತದೆಯೇ? ಕರ್ನಾಟಕ ಸರಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ವಿಧಿಸಲು ಅವಕಾಶ ಮಾಡಿತು. ಪ್ರಶ್ನೆ ಕೇಳುವ ನಾವೂ ಉತ್ತರ ಕೊಡಬೇಕಾದವರೆಂದು ಇದರ ಅರ್ಥ.

ಮಹಿಳೆಯರು ಮಾತನಾಡಲಿ

ನೀರು ಯಾವ ದಿನ ವಾಸನೆ ಬಂತು, ಕಸದ ಗಾಡಿ ಎಷ್ಟು ದಿನ ತಪ್ಪಿಸಿತು, ಯಾವ ಮನೆಯ ಮಗು ವಾರದಿಂದ ಮಲಗಿದೆ ಎಂಬುದೆಲ್ಲ ಹೆಚ್ಚಾಗಿ ಗೊತ್ತಿರುವುದು ಮಹಿಳೆಯರಿಗೆ. ಸಭೆಯಲ್ಲಿ ಮೊದಲ ಸಾಲಿನಲ್ಲಿ ಕುಳಿತು ಮಾತನಾಡುವವರು ಮಾತ್ರ ಗಂಡಸರು. ಸಹೋದರರೇ, ಮನೆಯಿಂದ ಹೊರಡುವ ಮೊದಲು ತಾಯಿಯನ್ನು, ಹೆಂಡತಿಯನ್ನು ಒಮ್ಮೆ ಕೇಳಿ. ಸಾಧ್ಯವಾದರೆ ಜೊತೆಯಲ್ಲೇ ಕರೆದುಕೊಂಡು ಹೋಗಿ. ಸಹೋದರಿಯರೇ, ಸದಸ್ಯೆಯ ಪತಿಯ ಅಥವಾ ಅಣ್ಣನ ಫೋನ್ ಸಂಖ್ಯೆ ಕೊಟ್ಟರೆ ಒಪ್ಪಬೇಡಿ. ಸದಸ್ಯೆಯ ಸ್ವಂತ ಸಂಖ್ಯೆಯನ್ನೇ ವಿನಯದಿಂದ ಕೇಳಿ. ಸ್ಥಾನ ಅವರದು, ಹೊಣೆಯೂ ಅವರದೇ. ಖಲೀಫಾ ಉಮರ್(ರ)ರವರು ಶಿಫಾ ಬಿಂತ್ ಅಬ್ದುಲ್ಲಾಹ್(ರ)ರಿಗೆ ಮದೀನಾದ ಮಾರುಕಟ್ಟೆಯ ಕೆಲವು ಜವಾಬ್ದಾರಿಗಳನ್ನು ವಹಿಸಿದ್ದರೆಂದು ಕೆಲವು ಚರಿತ್ರೆಕಾರರು ದಾಖಲಿಸಿದ್ದಾರೆ. ಊರಿನ ವ್ಯವಹಾರವನ್ನು ನೋಡಿಕೊಳ್ಳುವ ಮಹಿಳೆ ನಮಗೆ ಹೊಸಬರೇನಲ್ಲ.

ನಮ್ಮ ಪಾಲು

ಪ್ರತಿಯೊಬ್ಬರೂ ತಮ್ಮ ಅಧೀನದಲ್ಲಿರುವವರ ಪಾಲಕರೆಂದೂ ಅವರ ಬಗ್ಗೆ ಪ್ರಶ್ನಿಸಲ್ಪಡುವರೆಂದೂ ಪ್ರವಾದಿ(ಸ)ರು ಕಲಿಸಿದ್ದಾರೆ. ಸದಸ್ಯೆ ವಾರ್ಡಿನ ಪಾಲಕಿಯಾದರೆ ನಾವು ಮನೆಯ, ಮಸೀದಿಯ ಪಾಲಕರು. ಶುಚಿತ್ವವು ಈಮಾನಿನ ಭಾಗವೆಂದು ಗೋಡೆಯ ಮೇಲೆ ಬರೆಸಿ ಅದೇ ಗೋಡೆಯ ಬುಡಕ್ಕೆ ಕಸ ಸುರಿದರೆ ಯಾವ ಸದಸ್ಯೆ ಬಂದರೂ ಉಪಯೋಗವಿಲ್ಲ. ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆಯುವುದು ದಾನವಾದರೆ, ತಂದು ಹಾಕುವುದು ಏನಾಗುತ್ತದೆಂದು ನಾವೇ ಯೋಚಿಸಬೇಕು.

ವಾರಕ್ಕೊಂದು ದಿನ, ಶುಕ್ರವಾರ ಜುಮಾದ ಸ್ನಾನಕ್ಕೆ ಮೊದಲು ಎಂದಿಟ್ಟುಕೊಳ್ಳಿ, ಡ್ರಮ್, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲ ಬರಿದು ಮಾಡಿ. ನೀರು ಚೆಲ್ಲಿದರಷ್ಟೇ ಸಾಲದು, ಒಳಬದಿಯನ್ನು ಉಜ್ಜಿ ತೊಳೆಯಿರಿ. ಈಡಿಸ್ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲದು. ಮಸೀದಿಯ ಮೇಲಿನ ಟ್ಯಾಂಕಿಗೆ ಮುಚ್ಚಳ ಭದ್ರವಾಗಿದೆಯೇ, ವುಝೂ ನೀರು ಹೊರಗೆ ನಿಲ್ಲುತ್ತಿದೆಯೇ ಎಂದು ಕಮಿಟಿಯವರು ನೋಡಲಿ. ಈದುಲ್ ಅಝ್‌ಹಾಕ್ಕೆ ಹತ್ತು ದಿನ ಇರುವಾಗಲೇ ಜಮಾಅತಿನವರು ಆರೋಗ್ಯ ನಿರೀಕ್ಷಕರನ್ನು ಕಂಡು, ಖುರ್ಬಾನಿಯ ತ್ಯಾಜ್ಯ ಒಯ್ಯಲು ಗಾಡಿಯ ಸಮಯ ಮತ್ತು ಜಾಗ ನಿಗದಿ ಮಾಡಿಕೊಳ್ಳಲಿ. ಕರುಳು, ರಕ್ತ ಚರಂಡಿಗೆ ಇಳಿದರೆ ಮೊದಲು ನಾರುವುದು ನಮ್ಮದೇ ಓಣಿ.

ಪೌರಕಾರ್ಮಿಕರ ವಿಷಯದಲ್ಲಿ ಎರಡು ಮಾತು. ಒಡೆದ ಗಾಜು, ಬ್ಲೇಡು, ಮಗುವಿನ ಡೈಪರ್, ಸ್ಯಾನಿಟರಿ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಿ ಬೇರೆಯಾಗಿ ಕೊಡಿ. ಅದನ್ನು ಮುಟ್ಟುವ ಕೈಯೂ ಒಬ್ಬ ತಾಯಿಯ ಕೈ. ಶೌಚಗುಂಡಿ ಕಟ್ಟಿಕೊಂಡರೆ ಮನುಷ್ಯನನ್ನು ಇಳಿಸಲು ಸದಸ್ಯೆಯನ್ನು ಒತ್ತಾಯಿಸಬೇಡಿ. 2013ರ ಕಾನೂನು ಅದನ್ನು ನಿಷೇಧಿಸಿದೆ, ಗುಂಡಿಯ ವಿಷಾನಿಲ ನಿಮಿಷಗಳಲ್ಲಿ ಜೀವ ತೆಗೆಯುತ್ತದೆ. ಯಂತ್ರದ ಗಾಡಿ ಕೇಳಿ, ಒಂದು ದಿನ ತಡವಾದರೂ ಸಹಿಸಿಕೊಳ್ಳಿ.

ನೂರು ದಿನಗಳ ಬಳಿಕ

ಆ ಪುಸ್ತಕವನ್ನು ಎಸೆಯಬೇಡಿ. ಸಭೆಯ ದಿನಾಂಕ, ಕೇಳಿದ ಪ್ರಶ್ನೆ, ಸಿಕ್ಕ ಉತ್ತರ, ಕೊಟ್ಟ ಅರ್ಜಿ ಎಲ್ಲವೂ ಅದರಲ್ಲಿರಲಿ. ನೂರು ದಿನ ಕಳೆದ ಮೇಲೆ ಓಣಿಯ ನಾಲ್ಕು ಮನೆಯವರು ಸೇರಿ ಅದನ್ನು ತೆರೆಯಿರಿ. ಆಗಿರುವ ಕೆಲಸಕ್ಕೆ ಸದಸ್ಯೆಗೂ ಸಿಬ್ಬಂದಿಗೂ ಧನ್ಯವಾದ ಹೇಳಿ, ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಸಲ್ಲಿಸಲಾರ. ಆಗದ ಕೆಲಸವನ್ನು ಮತ್ತೆ ಬರೆದು ಕೊಡಿ. ಹಾಗೆಯೇ ನಿಮ್ಮ ಮನೆಯ ಡ್ರಮ್ಮಿನ ಮುಚ್ಚಳವನ್ನೂ ಒಮ್ಮೆ ಎತ್ತಿ ನೋಡಿ.

ಮತ ಒಂದು ಅಮಾನತ್. ಅದನ್ನು ಪೆಟ್ಟಿಗೆಗೆ ಹಾಕಿದೊಡನೆ ನಮ್ಮ ಜವಾಬ್ದಾರಿ ತೀರುವುದಿಲ್ಲ. ಸದಸ್ಯೆ ತನ್ನ ಪಾಲನ್ನು, ನಾವು ನಮ್ಮ ಪಾಲನ್ನು ನಿಭಾಯಿಸಿದರೆ ಬರುವ ಮಳೆಗಾಲದಲ್ಲಿ ನಮ್ಮ ಓಣಿಯಲ್ಲಿ ಜ್ವರದ ಮನೆಗಳು ಕಡಿಮೆಯಾಗುವುವು, ಇನ್‌ಶಾ ಅಲ್ಲಾಹ್.