ಈ ಪಟ ಯಾರದು?

ಅಹಮದಾಬಾದಿಗೆ ಬಂದು ಒಂಬತ್ತು ವರ್ಷವಾಯಿತು. ನಮ್ಮ ಧಾರವಾಡದಲ್ಲಿ ಸಂಕ್ರಾಂತಿ ಎಂದರೆ ಕುಸುರೆಳ್ಳು ಹಂಚುವುದು. ಇಲ್ಲಿ ಜನವರಿ 14 ಎಂದರೆ ಇಡೀ ಊರೇ ಮಾಳಿಗೆ ಹತ್ತುವುದು. ಒಂದು ಉತ್ತರಾಯಣಕ್ಕೆ ಖಾಡಿಯಾದಲ್ಲಿರುವ ಗೆಳೆಯನ ಮನೆಗೆ ಕುಸುರೆಳ್ಳಿನ ಡಬ್ಬಿಯ ಜೊತೆ ನನ್ನ ಹೊಸ ಡ್ರೋನನ್ನೂ ಒಯ್ದೆ. ತೂಕ 249 ಗ್ರಾಂ. ಊರಲ್ಲಿರುವ ಅಪ್ಪನಿಗೆ ಇಲ್ಲಿನ ಹಬ್ಬವನ್ನು ಮೇಲಿನಿಂದ ತೋರಿಸುವ ಆಸೆ.

ಹಾರಿಸಿ ಎರಡು ನಿಮಿಷ ಆಗಿರಲಿಲ್ಲ, ಮಾಂಜಾ ರೆಕ್ಕೆಗೆ ಸುತ್ತಿಕೊಂಡಿತು. ಡ್ರೋನ್ ಪಕ್ಕದ ಮಾಳಿಗೆಗೆ ಬಿತ್ತು. ಫಿರ್ಕಿ ಹಿಡಿದು ನಿಂತಿದ್ದ ಪುಟ್ಟ ಹುಡುಗಿಗೂ ಅದಕ್ಕೂ ಒಂದು ಮೊಳ ಅಂತರ. ಸುತ್ತಲಿನವರು ಅಭ್ಯಾಸಬಲದಿಂದ ‘ಕಾಯ್ಪೋ ಛೇ!’ ಎಂದು ಕೂಗಿದರು. ಹುಡುಗಿಯ ಅಜ್ಜಿ ಮಾತ್ರ ನಗಲಿಲ್ಲ. ‘ಪಟವಾದರೆ ದಾರ ಹಿಡಿದು ಹೋದರೆ ಯಾರದೆಂದು ಗೊತ್ತಾಗುತ್ತೆ, ಭಾಯಿ. ಇದು ಯಾರದು?’ ಎಂದರು. ಕೈ ಎತ್ತಲು ನನಗೆ ಒಂದು ಕ್ಷಣ ಧೈರ್ಯ ಬರಲಿಲ್ಲ.

ಆ ರಾತ್ರಿ ಕೂತು ನಿಯಮ ಓದಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರದ್ದು ‘ನ್ಯಾನೋ’. ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಅಷ್ಟಕ್ಕೇ ಆಕಾಶವೆಲ್ಲ ನನ್ನದು ಎಂದುಕೊಂಡಿದ್ದೆ. ಆದರೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆಕಾಶಕ್ಕೆ ಹಸಿರು, ಹಳದಿ, ಕೆಂಪು ವಲಯಗಳಿವೆ. ಹಸಿರಿನಲ್ಲಿ 400 ಅಡಿಯವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಆ ಮಿತಿ 200 ಅಡಿ. ಇನ್ನೂ ಹತ್ತಿರ ಹೋದರೆ ಅನುಮತಿ ಬೇಕೇ ಬೇಕು, ನ್ಯಾನೋಗೂ. ಖಾಡಿಯಾದಿಂದ ನಮ್ಮ ವಿಮಾನ ನಿಲ್ದಾಣ ಹತ್ತು ಕಿ.ಮೀ. ಕೂಡ ಇಲ್ಲ. ನಾನು ನಕ್ಷೆಯನ್ನೇ ತೆರೆದಿರಲಿಲ್ಲ.

ಅಜ್ಜಿ ಕೇಳಿದ್ದಕ್ಕೆ ಉತ್ತರ ಹುಡುಕುವ ಇನ್ನೊಂದು ದಾಖಲೆಯೂ ಇದೆ: 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಪ್ರಕಟಿಸಿದ ಡ್ರೋನ್ ಸಂಚಾರ ನಿರ್ವಹಣೆಯ ನೀತಿ ಚೌಕಟ್ಟು. ಇಂದು ವಿಮಾನಗಳನ್ನು ನಡೆಸುವುದು ನಿಯಂತ್ರಣ ಕೊಠಡಿಯಲ್ಲಿ ಕೂತವರ ಧ್ವನಿ. ಸಾವಿರಾರು ಡ್ರೋನ್‌ಗಳ ಜೊತೆ ಹೀಗೆ ಮಾತಾಡುತ್ತಾ ಕೂರಲಾಗದು. ಹಾಗಾಗಿ ಯಾರು, ಎಲ್ಲಿ, ಎಷ್ಟು ಎತ್ತರದಲ್ಲಿದ್ದಾರೆ ಎಂಬುದನ್ನು ಸಾಫ್ಟ್‌ವೇರ್‌ಗಳೇ ಪರಸ್ಪರ ಹೇಳಿಕೊಳ್ಳಬೇಕು ಎನ್ನುತ್ತದೆ ಅದು. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಬೇರೆ ಬೇರೆ ಕಂಪನಿಗಳ ಸಿಸ್ಟಮ್‌ಗಳಿಗೆ ಒಂದೇ ಪ್ರೋಟೋಕಾಲ್. ಅಜ್ಜಿಯ ಭಾಷೆಯಲ್ಲಿ, ಕಣ್ಣಿಗೆ ಕಾಣದ ದಾರ.

ಆ ದಾರ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಮೇನಲ್ಲಿ ನೋಡಿದೆವು. ಗಡಿಯಲ್ಲಿ ಸಂಘರ್ಷ ನಡೆದಿತ್ತು. ಗುಜರಾತ್ ಸರ್ಕಾರ ಮೇ 15ರವರೆಗೆ ಸಮಾರಂಭಗಳಲ್ಲಿ ಪಟಾಕಿ, ಡ್ರೋನ್ ಎರಡನ್ನೂ ನಿಷೇಧಿಸಿತು. ಸೂರತ್‌ನಲ್ಲಿ ಸಹೋದ್ಯೋಗಿಯ ತಂಗಿಯ ಮದುವೆಗೆ ಬಂದ ಡ್ರೋನ್ ಪೆಟ್ಟಿಗೆಯಲ್ಲೇ ಉಳಿಯಿತು. ತಪ್ಪೇನಿಲ್ಲ. ಮೇಲಿರುವುದು ಯಾರದೆಂದು ತಿಳಿಯದಾಗ ಎಲ್ಲರನ್ನೂ ಕೆಳಗಿಳಿಸುವುದೊಂದೇ ದಾರಿ.

ಆದರೆ ಪ್ರತಿ ಸಲ ಹಾಗೆ ಇಳಿಸಲಾಗದು, ಆಕಾಶಕ್ಕೆ ಹೊಸಬರು ಬರುತ್ತಲೇ ಇದ್ದಾರೆ. ವಡೋದರದಲ್ಲಿ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಟಾಟಾ-ಏರ್‌ಬಸ್ ಘಟಕದಲ್ಲಿ ವಾಯುಪಡೆಗೆ 40 ಸಿ-295 ವಿಮಾನಗಳು ತಯಾರಾಗಬೇಕಿವೆ. ನಮ್ಮ ಗೌರಿಬಿದನೂರಿನಲ್ಲಿ 2021ರಲ್ಲೇ, ಹಾರಿಸುವವನ ಕಣ್ಣಳತೆ ಮೀರಿ ಔಷಧ ಒಯ್ಯುವ ಡ್ರೋನ್‌ಗಳ ಪರೀಕ್ಷೆ ನಡೆದಿದೆ. ಔಷಧದ ಡ್ರೋನಿಗೂ ನನ್ನಂಥ ಹವ್ಯಾಸಿಗೂ ಮೇಲೆ ಇರುವುದು ಒಂದೇ ಆಕಾಶ. ದೊಡ್ಡ ವ್ಯವಸ್ಥೆ ಪೂರ್ತಿ ಬರುವ ತನಕ ಹಾರಿಸುವ ಮುನ್ನ ನಕ್ಷೆ ತೆರೆಯುವುದಂತೂ ನಮ್ಮ ಕೈಯಲ್ಲೇ ಇದೆ.

ಮರುವರ್ಷ ಖಾಡಿಯಾಕ್ಕೆ ಬರೀ ಕುಸುರೆಳ್ಳು ಒಯ್ದೆ. ಅಜ್ಜಿ ನನ್ನನ್ನು ಮರೆತಿರಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಮೊಮ್ಮಗಳ ಕೈಯಲ್ಲಿದ್ದ ಫಿರ್ಕಿಯನ್ನು ನನಗೆ ಕೊಡಿಸಿದರು. ಅಪ್ಪನಿಗೆ ಮಾಳಿಗೆಯಿಂದಲೇ ವಿಡಿಯೋ ಕಾಲ್ ಮಾಡಿದೆ.